ಮೂಗಿನ ಸಾಹುಕಾರರು ಕಟ್ಟಿದ ವಿಮಾನ

ಅವರು ಹುಚ್ಚರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವಿಡಿಯೋ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ. ಗದ್ದೆಯ ಕೆಸರಿನಲ್ಲಿ ಮೂತಿ ಹುಗಿದು ನಿಂತ ಪುಟ್ಟ ಬಿಳಿ ವಿಮಾನ, ಸುತ್ತ ನಾಟಿ ಬಿಟ್ಟು ಬಂದ ಹೆಂಗಸರು, ಯಾವನೋ ಪುಣ್ಯಾತ್ಮ ಕೂಡಿಸಿದ ಹಾಡು, ಕೆಳಗೆ ‘ಸಿರುಗುಪ್ಪದ ಹುಚ್ಚು ಸಾಹುಕಾರ’ ಎಂಬ ಅಕ್ಷರಗಳು. ಬಳ್ಳಾರಿಯ ನಮ್ಮ ಕೌಲ್ ಬಜಾರಿನ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ಅದನ್ನು ನನಗೇ ತೋರಿಸಲು ಬಂದ. ‘ಮುಚ್ಚಲೇ ಅದನ್ನ’ ಎಂದು ಬೈದೆ. ಅವನಿಗೆ ಯಾಕೆಂದು ತಿಳಿಯಲಿಲ್ಲ. ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಹುಚ್ಚರಾಗಿದ್ದರೆ ಬದುಕಿರುತ್ತಿದ್ದರೋ ಏನೋ. ಎಲ್ಲವನ್ನೂ ಪರೀಕ್ಷೆ ಮಾಡಿ ನೋಡುವ ಮನುಷ್ಯ ಅವರು. ಪರೀಕ್ಷೆ ಮಾಡಿ ಮಾಡಿಯೇ ಹೋದರು.

ನನ್ನದು ರಬ್ಬರ್ ಪೈಪು, ಬೆಲ್ಟು ಮಾರುವ ಅಂಗಡಿ. ಅಕ್ಕಿ ಗಿರಣಿಗಳಿಗೆ ಬೇಕಾದ ಬೆಲ್ಟುಗಳಿಗಾಗಿ ಸಿರುಗುಪ್ಪದವರು ನನ್ನ ಕಡೆಗೇ ಬರುತ್ತಾರೆ. ಅವರೂ ಹಾಗೆಯೇ ಬಂದವರು. ದೊಡ್ಡ ಗಿರಣಿಯ ಮಾಲೀಕರು, ಆದರೆ ಕಾರಿನಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಬಸ್ಸಿಳಿದು ಆಟೋದಲ್ಲಿ ಬಂದು, ಅಂಗಡಿಯ ಮುಂದಿನ ಟಯರಿನ ಮೇಲೆ ಕೂತು, ಕೊಟ್ಟ ಬೆಲ್ಟನ್ನು ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಎಳೆದು ನೋಡುವುದು, ಬಾಗಿಸಿ ನೋಡುವುದು ಎಲ್ಲ ಆಮೇಲೆ. ‘ಇದರಾಗ ಹಳೀ ಟಯರಿನ ಪುಡಿ ಕಲಸ್ಯಾರ ಭಾಯಿ, ಬ್ಯಾರೇದು ತೆಗೀರಿ’ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಬೆಲ್ಟನ್ನೇ ಇನ್ನೊಬ್ಬರಿಗೆ ಮಾರಿದರೆ ಮುಂದಿನ ಸುಗ್ಗಿಯೊಳಗೆ ಅದು ಹರಿದು ವಾಪಸು ಬರುತ್ತಿತ್ತು. ಆಗ ಇನ್ನೂ ಸಿಟ್ಟು ಬರುತ್ತಿತ್ತು.

ಸಿರುಗುಪ್ಪದಲ್ಲಿ ಅವರಿಗೆ ಮೂಗಿನ ಸಾಹುಕಾರರು ಎಂದೇ ಹೆಸರು. ನೆಲ್ಲಿನ, ಅಂದರೆ ಭತ್ತದ, ಲಾರಿ ಬಂತೆಂದರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿಸಿ, ಒಂದು ಹಿಡಿ ತೆಗೆಸಿ, ಎರಡೂ ಅಂಗೈ ಮುಚ್ಚಿಕೊಂಡು ಒಮ್ಮೆ ಬಿಸಿ ಉಸಿರು ಬಿಡುತ್ತಿದ್ದರು. ಆಮೇಲೆ ಎಡಗಣ್ಣು ಮುಚ್ಚಿ ಮೂಸುತ್ತಿದ್ದರು. ಒಮ್ಮೆ ಸಿರಿಗೇರಿಯಿಂದ ಬಂದ ನೆಲ್ಲು ಮೂಸಿ, ‘ಏನಪಾ, ಇದನ್ನ ಗೊಬ್ಬರದ ಚೀಲದ ಬಾಜೂಕ ಮಲಗಿಸಿದ್ದೇನು?’ ಎಂದು ಕೇಳಿದಾಗ ಆ ರೈತ ಬಾಯಿ ಬಿಟ್ಟುಕೊಂಡು ನಿಂತದ್ದನ್ನು ನಾನೇ ಕಂಡಿದ್ದೇನೆ. ‘ನಿಮಗ ಯಾರು ಹೇಳಿದ್ರಿ?’ ಎಂದ ಅವನು. ‘ನಿನ್ನ ನೆಲ್ಲು ಹೇಳ್ತು’ ಎಂದು ನಕ್ಕು, ಇವರು ಬೆಲೆಯಲ್ಲಿ ಸ್ವಲ್ಪ ಹಿಡಿದರು. ವ್ಯಾಪಾರಿ ವ್ಯಾಪಾರಿಯೇ ಬಿಡಿ.

ಅವರ ಗಿರಣಿಯಲ್ಲಿ ಒಂದು ಪದ್ಧತಿಯಿತ್ತು. ಮಾಲು ನೋಡಲು ಹೊಸಬರು ಯಾರಾದರೂ ಸೇರಿದರೆ ಒಂದು ಹಿಡಿ ನೆಲ್ಲು ಕೊಟ್ಟು ಹೇಗಿದೆ ಎಂದು ಕೇಳುವರು. ಸ್ವಲ್ಪ ಹೊತ್ತು ಬಿಟ್ಟು ಅದೇ ಹಿಡಿಯನ್ನು ‘ಇದು ಬ್ಯಾರೇ ಲಾರೀದು’ ಎಂದು ಮತ್ತೆ ಕೊಡುವರು. ಎರಡನೇ ಸಲ ಬೇರೆ ಮಾತು ಹೇಳಿದನೋ, ಅವನ ಕೆಲಸ ಹೋಯಿತು. ‘ಇವಂಗ ಮೂಗಿಲ್ಲ, ನನ್ನ ಮಾರಿ ನೋಡಿ ಮಾತಾಡ್ತಾನ’ ಎನ್ನುತ್ತಿದ್ದರು. ಸುಳ್ಳು ಹೇಳಿದನೆಂದು ಯಾರನ್ನೂ ಬೈದವರಲ್ಲ. ನಗುತ್ತಲೇ ಕಳಿಸಿಬಿಡುವರು, ಮತ್ತೆ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ.

ಅಂಥ ಮೂಗು ಕೊರೊನಾ ಜ್ವರದಲ್ಲಿ ಹೋಯಿತು. ಊರಿನಲ್ಲಿ ಎಷ್ಟೋ ಜನಕ್ಕೆ ಹೋಗಿ ಮರಳಿ ಬಂತು. ಅವರಿಗೆ ಬರಲೇ ಇಲ್ಲ. ಬಹಳ ದಿನ ಯಾರಿಗೂ ಹೇಳಲಿಲ್ಲ. ಅದೇ ಗತ್ತಿನಲ್ಲಿ ಅಂಗೈ ಮುಚ್ಚುವುದು, ಉಸಿರು ಬಿಡುವುದು, ಎಡಗಣ್ಣು ಮುಚ್ಚುವುದು ಎಲ್ಲ ನಡೆದಿತ್ತು. ಆಮೇಲೆ ಒಂದು ದಿನ ಮುಗ್ಗಿದ ನೆಲ್ಲಿನ ಲಾರಿಯನ್ನು ‘ಚಲೋ ಐತಿ, ಇಳಸ್ರಿ’ ಎಂದರಂತೆ. ಹಮಾಲರು ಮೂಗಿಗೆ ಟವೆಲ್ ಕಟ್ಟಿಕೊಂಡು ಚೀಲ ಇಳಿಸತೊಡಗಿದಾಗ ಇವರು ಅವರ ಮುಖಗಳನ್ನು ನೋಡಿದರು. ಮರುದಿನ ಗಿರಣಿಯನ್ನು ತಮ್ಮನಿಗೆ ವಹಿಸಿ ಮನೆ ಸೇರಿದರು.

ನನಗೆ ಈ ವಿಷಯ ಗೊತ್ತಾದದ್ದು ನನ್ನ ಅಂಗಡಿಯಲ್ಲಿ. ರಬ್ಬರು ಅಂಟಿಸುವ ಸಲ್ಯೂಷನ್ ಡಬ್ಬಿ ಕೈಜಾರಿ ಬಿದ್ದು ಅಂಗಡಿಯೆಲ್ಲ ಹರಿಯಿತು. ನಾನು, ಗಿರಾಕಿಗಳು, ಪಕ್ಕದ ವೆಲ್ಡಿಂಗ್ ಅಂಗಡಿಯವನು ಸಹಿತ ಕೆಮ್ಮುತ್ತ ರಸ್ತೆಗೆ ಓಡಿದೆವು. ತಿರುಗಿ ನೋಡಿದರೆ ಇವರು ಒಳಗೆ ಕೂತು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದಾರೆ! ‘ಸಾವ್ಕಾರ್ರ, ಹೊರಗ ಬರ್ರಿ!’ ಎಂದು ಕೂಗಿದೆ. ನಮ್ಮನ್ನೆಲ್ಲ ಒಮ್ಮೆ ನೋಡಿದರು, ನೆಲ ನೋಡಿದರು, ಎದ್ದು ಬಂದರು. ‘ಮೂಗು ಸತ್ತು ಹೋಗೇತಿ ಭಾಯಿ. ಯಾರ ಮುಂದೂ ಅನಬ್ಯಾಡ್ರಿ’ ಎಂದು ಮೆಲ್ಲಗೆ ಹೇಳಿದರು. ನನಗೆ ಅಯ್ಯೋ ಎನಿಸಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಆ ಹಬೆಯಲ್ಲಿ ಅವರು ಅಷ್ಟು ಆರಾಮಾಗಿ ಕೂತಿದ್ದರಲ್ಲ ಎಂದು.

ಗಿರಣಿ ಬಿಟ್ಟವರು ಸುಮ್ಮನೆ ಕೂರಲಿಲ್ಲ. ಒಂದು ದಿನ ಅವರ ಹಳೆಯ ಗೋದಾಮಿಗೆ ಉದ್ದುದ್ದ ಮರದ ಪೆಟ್ಟಿಗೆಗಳು ಬಂದವು. ಅಕ್ಕಿ ಆರಿಸುವ ಹೊಸ ಮಷಿನ್ ಇರಬೇಕೆಂದು ಊರು ಮಾತಾಡಿಕೊಂಡಿತು. ಬಿಚ್ಚಿದರೆ ವಿಮಾನ! ಬಿಡಿಬಿಡಿ ಭಾಗಗಳಾಗಿ ತರಿಸಿ, ಪುಸ್ತಕ ನೋಡಿಕೊಂಡು ಜೋಡಿಸುವಂಥದ್ದು. ಎರಡೇ ಸೀಟು, ಮುಂದೆ ಎಂಜಿನ್ನು, ಗಾಜಿನ ಬಾಗಿಲು. ಜನ ಆಡಿಕೊಂಡು ನಕ್ಕರು. ‘ಸಾವ್ಕಾರ್ರು ಇನ್ಮ್ಯಾಲೆ ಹೊಟ್ಟು ತೂರೋದು ಮ್ಯಾಲಿಂದ’ ಎಂದರು. ಅವರಿಗೇನೂ ಬೇಸರವಿಲ್ಲ. ಗಣಿಗಾರಿಕೆ ಜೋರಾಗಿದ್ದಾಗ ಬಳ್ಳಾರಿಯ ಮೇಲೆ ಹೆಲಿಕಾಪ್ಟರುಗಳು ಓಡಾಡುತ್ತಿದ್ದವಲ್ಲ, ಅದನ್ನು ನೆನೆಸಿಕೊಂಡು ಹೇಳುವರು: ‘ಅವರು ರೊಕ್ಕ ಕೊಟ್ಟು ಕುಂತ್ರು. ನಾ ಕಟ್ಟಿ ಕುಂದ್ರತೀನಿ.’ ಒಂದು ತರಬೇತಿ ಶಾಲೆಗೂ ಹೋಗಿ ಹಾರಿಸುವುದನ್ನು ಕಲಿತು ಬಂದರು. ಮೂಗು ಕೈಕೊಟ್ಟಿತ್ತು, ಕೈಗಳು ಗಟ್ಟಿಯಿದ್ದವು. ಆ ಕೈಗಳಿಗೆ ಒಂದು ಕೆಲಸ ಬೇಕಾಗಿತ್ತು, ಅಷ್ಟೇ.

ಅವರು ಆ ವಿಮಾನವನ್ನು ಜೋಡಿಸುವುದನ್ನು ನೋಡಬೇಕಿತ್ತು. ಒಂದು ಸ್ಕ್ರೂ ತಿರುಗಿಸಿದರೆ ಎರಡು ಹೆಜ್ಜೆ ಹಿಂದೆ ಸರಿದು ಅದನ್ನೇ ದಿಟ್ಟಿಸುತ್ತ ನಿಲ್ಲುವರು. ಪೆಟ್ರೋಲ್ ಪೈಪಿನ ವಿಷಯ ಬಂದಾಗ ನನ್ನ ಅಂಗಡಿಗೆ ಬಂದರು. ಬೈಕಿಗೆ ಹಾಕುವ ಪೈಪು ತೆಗೆದು ಕೊಟ್ಟೆ. ಅದನ್ನು ಮೂಗಿನ ಹತ್ತಿರ ಒಯ್ದು, ಅರ್ಧಕ್ಕೆ ನಿಲ್ಲಿಸಿ, ಕೆಳಗಿಟ್ಟರು. ‘ಈಗಿನ ಪೆಟ್ರೋಲಿನ್ಯಾಗ ಕಬ್ಬಿನ ಸ್ಪಿರಿಟ್ ಕೂಡಿಸ್ತಾರ ಭಾಯಿ. ಎಲ್ಲಾ ರಬ್ಬರಿಗೂ ಅದು ಆಗಂಗಿಲ್ಲ’ ಎಂದರು. ನಾನು ಇಷ್ಟು ವರ್ಷ ಪೈಪು ಮಾರಿದವನು, ಇದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಬೈಕಿನ ಪೈಪು ಸೋರಿದರೆ ಬಯಲಲ್ಲಿ ಸೋರುತ್ತದೆ, ಯಾರಿಗೇನು?

ನನ್ನಲ್ಲಿದ್ದ ತರಹೇವಾರಿ ಪೈಪಿನ ತುಂಡುಗಳನ್ನೆಲ್ಲ ಒಯ್ದು ಉಪ್ಪಿನಕಾಯಿ ಬಾಟಲಿಗಳಲ್ಲಿ ಪೆಟ್ರೋಲು ಹಾಕಿ ಮುಳುಗಿಸಿ, ಗೋದಾಮಿನ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಕೆಲವು ವಾರ ಬಿಟ್ಟು ಹೋದಾಗ ತೋರಿಸಿದರು. ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪು ಹಳದಿಯಾಗಿ, ಕರಿದ ಸಂಡಿಗೆಯಂತೆ ಮುರಿಯಿತು. ಕಪ್ಪು ರಬ್ಬರು ಉಬ್ಬಿ ಮೆತ್ತಗಾಗಿತ್ತು. ಒಳಗೆ ಬೇರೊಂದು ಪದರವಿರುವ ಪೈಪು ಮಾತ್ರ ಇದ್ದಂತೆಯೇ ಇತ್ತು. ಅದನ್ನೇ ಹೈದರಾಬಾದಿನಿಂದ ತರಿಸಿಕೊಟ್ಟೆ. ಅದು ಸಿಗುವುದೇ ಕಷ್ಟ, ಬರುವುದೂ ತಡ.

ಆ ಪೈಪು ಜೋಡಿಸಿದ ದಿನ ಅವರು ನನ್ನನ್ನು ವಿಮಾನದ ಒಳಗೆ ಕೂರಿಸಿ ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ. ಟ್ಯಾಂಕು ಸೀಟಿನ ಬೆನ್ನಿಗೇ ಇತ್ತು. ಪೈಪು ಅಲ್ಲಿಂದ ಸೀಟಿನ ಕೆಳಗೆ, ಕಾಲ ಪಕ್ಕದಲ್ಲಿ ಹಾದು ಎಂಜಿನ್ನಿಗೆ ಹೋಗುತ್ತಿತ್ತು. ಬಾಗಿಲು ಹಾಕಿದರು. ಒಳಗೆ ಇಬ್ಬರ ಉಸಿರಾಟ ಕೇಳಿಸುವಷ್ಟು ಇಕ್ಕಟ್ಟು.

‘ಇಲ್ಲಿ ಪೈಪು ಸೋರಿದ್ರ ಎರಡು ದಾರಿ ಭಾಯಿ. ಬೆಂಕಿ ಹತ್ತಿದ್ರ ಅದೊಂದು. ಹತ್ತಲಿಲ್ಲ ಅಂದ್ರ ಆವಿ ಕುಡಿದು ಕುಡಿದು ತಲಿ ತಿರುಗ್ತೈತಿ, ಏನು ಮಾಡಾಕ ಹತ್ತೀನಿ ಅನ್ನೋದ ಮರೀತೈತಿ, ನಿದ್ದಿ ಬಂದಂಗ ಆಗ್ತೈತಿ. ಅದು ಇನ್ನೊಂದು. ಆದ್ರ ದೇವರು ದೊಡ್ಡಾವ, ಮೊದಲ ವಾಸನಿ ಕಳಸ್ತಾನ.’

‘ನಿಮಗ ಆ ವಾಸನಿ...’ ಎಂದು ಅರ್ಧಕ್ಕೇ ನಿಲ್ಲಿಸಿದೆ.

‘ಬರಂಗಿಲ್ಲ’ ಎಂದರು. ಅಲ್ಲಿ ಕೂರಲು ನನಗೆ ಆಗಲಿಲ್ಲ. ಬಾಗಿಲು ತೆಗೆಯಿರಿ ಎಂದೆ.

ಹೊಗೆ ಬಂದರೆ ಕೂಗುವ ಒಂದು ಚಿಕ್ಕ ಯಂತ್ರವನ್ನು ಅವರು ಮೊದಲೇ ತಂದು ಮುಂದೆ ಅಂಟಿಸಿದ್ದರು. ಎಂಜಿನ್ನಿನ ಹೊಗೆ ಒಳಗೆ ನುಗ್ಗಿದರೆ ಅದು ಬಡಕೊಳ್ಳುತ್ತದೆ. ಪೆಟ್ರೋಲಿನ ಆವಿಗೆ ಅದು ತುಟಿ ಬಿಚ್ಚುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ನನ್ನ ಮೂಗನ್ನಾದರೂ ಕೇಳೋಣವೆಂದರೆ, ದಿನವಿಡೀ ರಬ್ಬರಿನ ಮಧ್ಯೆ ಕೂರುವ ನನಗೆ ನನ್ನ ಬಟ್ಟೆಯ ವಾಸನೆಯೇ ಗೊತ್ತಾಗುವುದಿಲ್ಲ. ಹೀಗಾಗಿ ಆ ವಿಮಾನಕ್ಕೆ ಮೂಗಾದವರು ಅವರ ಹೆಂಡತಿ.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಕೇಳಲಿಲ್ಲ. ಗೋದಾಮಿಗೆ ಹೋದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಡುವರು. ಗಂಡನ ಜೊತೆ ಜಗಳವೆಂದರೆ ಜಗಳ, ನಗುವೆಂದರೆ ನಗು. ‘ಮುದುಕಾದ ಮ್ಯಾಲೆ ರೆಕ್ಕಿ ಬಂದಾವ ನೋಡಣ್ಣ ನಿಮ್ಮ ಸಾವ್ಕಾರ್ರಿಗೆ’ ಎಂದು ಅವರ ಎದುರಿಗೇ ಅನ್ನುವರು. ಆದರೆ ವಿಮಾನದ ಹತ್ತಿರ ಹೋಗುವಾಗ ಆಕೆಯ ಮುಖ ಬೇರೆಯಾಗುತ್ತಿತ್ತು. ಅದನ್ನು ನಾನು ಗಮನಿಸಿದ್ದೆ.

ಕೆಲಸ ಹೀಗೆ ನಡೆಯುತ್ತಿತ್ತು. ಇವರು ಟ್ಯಾಂಕಿಗೆ ಪೆಟ್ರೋಲು ಹಾಕಿ, ಬಾಗಿಲು ಮುಚ್ಚಿ, ಒಂದು ಹಗಲು ಬಿಡುವರು. ಸಂಜೆ ಅಕ್ಕ ಬಂದು ಒಳಗೆ ಕೂತು, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳುವರು. ಇಳಿದು ಬಂದು ‘ಬರ್ತೈತಿ’ ಎನ್ನುವರು. ಇವರು ಕ್ಲಿಪ್ಪು ಬಿಚ್ಚಿ, ಪೈಪು ಎಳೆದು, ಸಡಿಲಾದ ಅದರ ತುದಿಯನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಹೊಸ ಬಾಯಿ ಮಾಡಿ ಮತ್ತೆ ತುರುಕಿ ಬಿಗಿಯುವರು. ಮತ್ತೊಂದು ದಿನ ಅಕ್ಕನ ಮೂಗು. ಮತ್ತೆ ‘ಬರ್ತೈತಿ.’ ಒಮ್ಮೆ ‘ಈ ಕಡಿಂದ’ ಎನ್ನುವರು, ಒಮ್ಮೆ ‘ಆ ಕಡಿಂದ’. ಒಂದು ಸಲ ಟ್ಯಾಂಕನ್ನೇ ಇಳಿಸಿ ನೋಡಿದರು. ಎಲ್ಲಿಯೂ ಒಂದು ಹನಿ ಇಲ್ಲ. ಆದರೂ ಹೆಂಡತಿಯ ಮೂಗಿನ ಮೇಲೆ ಅನುಮಾನ ಪಡಲಿಲ್ಲ. ‘ನಂದು ಹೋದಮ್ಯಾಲೆ ಮನ್ಯಾಗ ಇರೋದು ಅದೊಂದ ಮೂಗು’ ಎಂದು ನನ್ನೆದುರು ಹೆಮ್ಮೆಯಿಂದ ಹೇಳಿದ್ದರು.

ಪೈಪು ಗಿಡ್ಡಾಗುತ್ತ ಬಂತು. ಮೊದಲು ಸೀಟಿನ ಕೆಳಗೆ ಸಡಿಲವಾಗಿ ಬಳುಕಿಕೊಂಡು ಮಲಗಿದ್ದದ್ದು, ಈಗ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ‘ಭಾಳ ಬಿಗಿ ಐತ್ರಿ, ಎಂಜಿನ್ ನಡುಗಿದ್ರ ಎಳೀತೈತಿ’ ಎಂದೆ. ‘ಹೊಸಾದು ತರಸ್ರಿ ಹಂಗಾದ್ರ’ ಎಂದರು. ಅಳತೆ ತೆಗೆದುಕೊಳ್ಳಲು ನಾನು ಒಂದು ಸಂಜೆ ಹೋದೆ. ಆ ಸಂಜೆಯೇ ಅದು ನಡೆದದ್ದು.

ನಾನು ಹೋದಾಗ ಅಕ್ಕ ಆಗಲೇ ವಿಮಾನದೊಳಗೆ ಕೂತಿದ್ದರು. ಸಾಹುಕಾರರು ಹೊರಗೆ ಕೈಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ ನೆಲ್ಲಿನ ಹಿಡಿ ಕೊಟ್ಟು ಕಾಯುವಾಗಿನ ಕಳೆ ಇತ್ತು. ಅಕ್ಕ ಬಾಗಿಲು ತೆರೆದು ಇಳಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

‘ಬರ್ತೈತಿ’ ಎಂದರು. ‘ಮೊನ್ನಿಗಿಂತ ಜಾಸ್ತಿ ಐತಿ ಇವತ್ತು.’

‘ಎಲ್ಲಿಂದ?’

‘ಸೀಟಿನ ಹಿಂದಿಂದ.’

ಸಾಹುಕಾರರು ನಗತೊಡಗಿದರು. ಗಿರಣಿಯಲ್ಲಿ ನಗುತ್ತಿದ್ದರಲ್ಲ, ಅದೇ ನಗು. ‘ಟ್ಯಾಂಕು ಹೊರಗ ಐತಿ, ನೋಡು’ ಎಂದು ಅಂಗಳದ ಕಡೆ ಕೈ ತೋರಿಸಿದರು. ಟ್ಯಾಂಕನ್ನು ಕಳಚಿ, ಸೋಪು ಹಾಕಿ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದ್ದರು. ಪೈಪನ್ನೂ ತೊಳೆದು ಒಣಗಿಸಿ ಹಾಗೆಯೇ ಖಾಲಿ ಜೋಡಿಸಿಟ್ಟಿದ್ದರು. ಇಡೀ ವಿಮಾನದಲ್ಲಿ ಒಂದು ಹನಿ ಪೆಟ್ರೋಲು ಇರಲಿಲ್ಲ.

ಅಕ್ಕ ಆ ಟ್ಯಾಂಕನ್ನೇ ನೋಡುತ್ತ ನಿಂತರು. ಅಳುತ್ತಾರೆಂದುಕೊಂಡೆ. ಅಳಲಿಲ್ಲ, ಸಿಟ್ಟಾದರು.

‘ಹೌದು, ಸುಳ್ಳು ಹೇಳೀನಿ! ಇಲ್ಲದಿದ್ರ ಯಾವತ್ತೋ ಹಾರಿ ಹೋಗಿರ್ತಿದ್ರಿ. ನೀವು ಅದರಾಗ ಕುಂತಾಗೆಲ್ಲ ನನಗ ಬರ್ತೈತ್ರಿ ವಾಸನಿ. ಪೆಟ್ರೋಲ್ ಇರಲಿ ಬಿಡಲಿ, ಬರ್ತೈತಿ!’

ಸಾಹುಕಾರರ ನಗು ನಿಂತಿತು. ಹತ್ತಿರ ಹೋಗಿ ಆಕೆಯ ತಲೆ ಮುಟ್ಟಿದರು. ‘ಹುಚ್ಚಿ’ ಎಂದರು, ಅಷ್ಟೇ. ದನಿಯಲ್ಲಿ ಪ್ರೀತಿಯಿತ್ತು, ಇಲ್ಲವೆನ್ನುವುದಿಲ್ಲ. ನನ್ನ ಕಡೆ ತಿರುಗಿ, ‘ಹೊಸಾ ಪೈಪು ಬ್ಯಾಡ ಬಿಡ್ರಿ ಭಾಯಿ. ಮೊದಲಿಂದ ಸೋರಿಲ್ಲಂದಮ್ಯಾಲೆ ಬದಲಿ ಯಾಕ?’ ಎಂದರು.

‘ಬಿಗಿ ಐತಲ್ರಿ...’ ಎಂದೆ.

‘ಬಿಗಿ ಇದ್ದದ್ದು ಬೀಳಂಗಿಲ್ಲ’ ಎಂದರು. ನಾನು ಮತ್ತೆ ಹೇಳಿದೆ. ಜೋರಾಗಿಯೇ ಹೇಳಿದೆ. ಆದರೆ ಆ ಗೋದಾಮಿನಲ್ಲಿ ಅವತ್ತು ಅಪಾಯದ ಮಾತೆಂಬುದಕ್ಕೇ ಬೆಲೆ ಹೋಗಿತ್ತು. ಯಾರು ಏನೆಂದರೂ ಹೆಂಡತಿಯ ಕಡೆಯವರೆಂದು ನಗುತ್ತಿದ್ದರು. ಆಮೇಲೆ ಅವರು ಅಕ್ಕನ ಮೂಗನ್ನು ಕೇಳಲೇ ಇಲ್ಲ. ಗಿರಣಿಯ ಪದ್ಧತಿ ಅದು. ಒಮ್ಮೆ ಸಿಕ್ಕಿಬಿದ್ದ ಮೂಗಿಗೆ ಮತ್ತೊಂದು ಹಿಡಿ ಇಲ್ಲ.

ಕುರುಗೋಡಿನ ದಾರಿಯಲ್ಲಿ ಅವರದೊಂದು ಕೆಂಪು ಮಸಾರಿ ಹೊಲವಿತ್ತು, ಕಾಲುವೆ ನೀರು ಹತ್ತದ ಎತ್ತರದ ಜಾಗ. ಬಳ್ಳಾರಿ ಜಾಲಿ ಕಿತ್ತು ಹಾಕಿಸಿ, ರೋಲರ್ ಹೊಡೆಸಿ ಓಡುದಾರಿ ಮಾಡಿದ್ದರು. ನಿಂತು ನೋಡಿದರೆ ಒಂದು ಕಡೆ ಕುರುಗೋಡಿನ ಗುಡ್ಡ, ಇನ್ನೊಂದು ಕಡೆ ದೂರದಲ್ಲಿ ಸಿರಿಗೇರಿ ಕಡೆಯ ಹಸಿರು ಗದ್ದೆ. ಪರವಾನಗಿ ಕೊಡುವವರು ಬಂದು ನೋಡುವವರೆಗೆ ಹಾರುವಂತಿಲ್ಲ, ನೆಲದ ಮೇಲಷ್ಟೇ ಓಡಿಸಬೇಕು. ಹಾಗೆ ಕೆಲವು ದಿನ ಓಡಿಸಿದರು. ನಾನು ಅಂಗಡಿ ಬಿಟ್ಟು ಹೋಗಿ ಆ ತುದಿಯಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದೆ, ಕುರಿ ಹಿಂಡು ಅಡ್ಡ ಬರದಂತೆ. ‘ಕುರಿ ಕಾಯೋಕ ಬಳ್ಳಾರಿಂದ ಬಂದಾರ’ ಎಂದು ಅಕ್ಕ ನಗುವರು. ಎಂಜಿನ್ನು ನಡುಗುವಾಗಲೆಲ್ಲ ನನ್ನ ತಲೆಯಲ್ಲಿ ಆ ಬಿಗಿ ಪೈಪು ಒಂದೇ ಸಮನೆ ಎಳೆದಂತಾಗುತ್ತಿತ್ತು. ಪ್ರತಿ ಸಲ ಓಡಿಸಿ ಬಂದು ನಿಂತಾಗ ಕೈಮುಗಿಯಬೇಕೆನ್ನಿಸುತ್ತಿತ್ತು.

ಆ ಬೆಳಿಗ್ಗೆಯೂ ಹಾಗೆಯೇ ತುದಿಯಲ್ಲಿ ನಿಂತಿದ್ದೆ. ನಾನು ನಿಂತಲ್ಲಿಂದ ಆಚೆ ತುದಿಯಲ್ಲಿ ಅಕ್ಕ ಒಂದು ಚುಕ್ಕೆಯಷ್ಟು ಕಾಣುತ್ತಿದ್ದರು. ವಿಮಾನದ ಬಾಗಿಲ ಹತ್ತಿರ ಬಾಗಿ ಏನೋ ಮಾತಾಡಿದಂತೆ ಕಂಡಿತು, ಆಮೇಲೆ ಹಿಂದೆ ಸರಿದರು. ವಿಮಾನ ಹೊರಟಿತು. ದಿನಾ ಅರ್ಧ ದಾರಿಗೆ ದನಿ ಇಳಿಯುತ್ತಿತ್ತು. ಅವತ್ತು ಇಳಿಯಲಿಲ್ಲ, ಏರಿತು. ನನ್ನ ಎದುರಿಗೇ ಚಕ್ರ ನೆಲ ಬಿಟ್ಟವು. ನನ್ನ ತಲೆಯ ಮೇಲೆ ಹಾದುಹೋಗುವಾಗ ಗಾಜಿನೊಳಗಿಂದ ಒಂದು ಕೈ ಆಡಿಸಿದ್ದು ಕಂಡಿತು. ಪರವಾನಗಿ ಇಲ್ಲ, ಹೇಳಿಲ್ಲ, ಕೇಳಿಲ್ಲ, ಆದರೂ ನಾನು ಕೋಲು ಎಸೆದು ಕುಣಿದುಬಿಟ್ಟೆ. ‘ಶಾಬಾಸ್!’ ಎಂದು ಕೂಗಿದೆ. ಕೈಯಾರೆ ಕಟ್ಟಿದ್ದು ಹಾರಿದಾಗ ಯಾರಿಗೆ ತಡೆದುಕೊಳ್ಳಲಾಗುತ್ತದೆ ಹೇಳಿ.

ದೊಡ್ಡದೊಂದು ಸುತ್ತು ಹಾಕಿದರು. ಚೆನ್ನಾಗಿ ಹಾಕಿದರು. ಎರಡನೇ ಸುತ್ತಿಗೆ ಸಿರಿಗೇರಿ ಕಡೆ ಹೋದವರು ತಿರುಗಬೇಕಾದಲ್ಲಿ ತಿರುಗಲಿಲ್ಲ. ನೇರ ಹೋದರು. ಎಂಜಿನ್ನಿನ ದನಿ ಒಂದೇ ಸಮನೆ ಇತ್ತು, ಯಾವ ತಕರಾರೂ ಇಲ್ಲದ ದನಿ. ವಿಮಾನ ಮಾತ್ರ ಸ್ವಲ್ಪ ಸ್ವಲ್ಪವೇ ಒಂದು ಕಡೆ ವಾಲುತ್ತ, ಯಾರೂ ಹಿಡಿಯದೆ ಬಿಟ್ಟ ಹಾಗೆ ಇಳಿಯುತ್ತ ಹೋಯಿತು. ನಾನು ‘ತಿರುಗ್ರಿ, ತಿರುಗ್ರಿ ಸಾವ್ಕಾರ್ರ’ ಎಂದು ಬಯಲಲ್ಲಿ ನಿಂತು ಕೂಗುತ್ತಿದ್ದೆ. ಜಾಲಿಗಿಡಗಳ ಆಚೆ ಇಳಿದು ಕಾಣದಾಯಿತು. ಆಮೇಲೆ ದನಿಯೂ ನಿಂತಿತು.

ಬೈಕು ಹತ್ತಿ ಹೋಗುವಷ್ಟರಲ್ಲಿ ನಾಟಿ ಮಾಡುತ್ತಿದ್ದವರು ಅವರನ್ನು ಹೊರಗೆಳೆದು ಬದುವಿನ ಮೇಲೆ ಮಲಗಿಸಿದ್ದರು. ಹಣೆಯ ಮೇಲೊಂದು ಗಾಯ ಬಿಟ್ಟರೆ ನಿದ್ದೆ ಹೋದವರಂತೆ ಇದ್ದರು. ‘ಬಾಗಿಲಾ ತೆಗದ್ರ ಉಸಿರ ಎಳಿಯಾಕ ಆಗವಲ್ದು ಅಣ್ಣ, ಕಣ್ಣಾಗ ನೀರು ಬಂತು, ಅಷ್ಟು ಪೆಟ್ರೋಲ್ ವಾಸನಿ’ ಎಂದು ಒಬ್ಬ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು. ಸಿರುಗುಪ್ಪದ ಆಸ್ಪತ್ರೆಯಲ್ಲಿ ನೋಡಿದವರು ಬಹಳ ಹೊತ್ತು ನೋಡಲೂ ಇಲ್ಲ. ದೇವರೇ, ಅಷ್ಟು ದೊಡ್ಡ ಮೂಗಿನ ಮನುಷ್ಯ ಊರೆಲ್ಲ ಮೂಗು ಮುಚ್ಚಿಕೊಳ್ಳುವ ವಾಸನೆಯೊಳಗೆ ಏನೂ ತಿಳಿಯದೆ ಕೂತಿದ್ದರಲ್ಲ!

ಅಧಿಕಾರಿಗಳು ಬಂದು ವಿಮಾನವನ್ನು ಒಯ್ಯುವ ಮುಂಚೆ ನಾನು ಒಮ್ಮೆ ಬಗ್ಗಿ ನೋಡಿದೆ. ಟ್ಯಾಂಕಿನ ಹತ್ತಿರದ ಜೋಡಣೆಯಲ್ಲಿ ಕ್ಲಿಪ್ಪು ಇತ್ತು. ಪೈಪು ಬಹುಪಾಲು ಹೊರಗೆ ಸರಿದು, ತುದಿಯಷ್ಟೇ ಕಚ್ಚಿಕೊಂಡಿತ್ತು. ಪೆಟ್ರೋಲು ಎಂಜಿನ್ನಿಗೆ ಹೋಗುವಷ್ಟು ಹೋಗಿ, ಉಳಿದದ್ದು ಸೀಟಿನ ಕೆಳಗೆ ಇಳಿದಿತ್ತು. ಪೈಪಿನ ರಬ್ಬರಿಗೆ ಏನೂ ಆಗಿರಲಿಲ್ಲ, ಅವರು ಬಾಟಲಿಯಲ್ಲಿ ಮುಳುಗಿಸಿ ಆರಿಸಿದ ರಬ್ಬರು ಅದು. ಗಿಡ್ಡಾಗಿತ್ತು, ಅಷ್ಟೇ. ಯಾಕೆ ಗಿಡ್ಡಾಯಿತೆಂದು ನನಗೆ ಗೊತ್ತಿತ್ತು. ಈ ಮಾತನ್ನು ಅಕ್ಕನ ಕಿವಿಗೆ ಬೀಳಗೊಡಬಾರದೆಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಕರ್ಮಗಳೆಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅಕ್ಕ ಚಹಾ ಮಾಡಿ ತಂದರು, ಎದುರಿಗೆ ಕೂತರು. ಆಮೇಲೆ ತಾವಾಗಿಯೇ ಹೇಳಿದರು.

‘ಅವತ್ತು ಖರೇನ ಬಂತಣ್ಣ. ಬಾಗಿಲಾ ಹಾಕೋ ಮುಂದ ಗಪ್ಪಂತ ಮೂಗಿಗೆ ಬಡೀತು. “ಬರ್ತೈತ್ರೀ, ಇಳೀರಿ” ಅಂದೆ. ಕೈ ಹಿಡಿದು ಜಗ್ಗಿದೆ. “ಹೌದೌದು, ನೀ ಇರೋತನ ಬರ್ತೈತಿ” ಅಂತ ನಕ್ಕು ಬಾಗಿಲಾ ಹಾಕ್ಕೊಂಡ್ರು.’

ನಾನು ಚಹಾದ ಲೋಟ ಕೆಳಗಿಟ್ಟೆ.

‘ನೀವು ನೋಡೀರಲ್ಲ, ಆ ಪೈಪು ಯಾಕ ಸಡಲಾತು?’ ಎಂದು ಕೇಳಿದರು.

‘ಬಿಸಿಲಿಗೆ ಅಕ್ಕಾ’ ಎಂದೆ. ಜನ್ಮದಲ್ಲಿ ರಬ್ಬರಿನ ವಿಷಯದಲ್ಲಿ ಅಂಥ ಸುಳ್ಳು ಹೇಳಿರಲಿಲ್ಲ. ‘ನಮ್ಮ ಕಡೆ ಬಿಸಿಲಿಗೆ ಎಂಥಾ ರಬ್ಬರೂ ತಡಿಯಂಗಿಲ್ಲ. ಯಾರೂ ಏನೂ ಮಾಡಾಕ ಆಗ್ತಿರಲಿಲ್ಲ.’

ಅಕ್ಕ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

‘ಅದು ಬಿಸಿಲು ಕಂಡದ್ದಾದ್ರೂ ಯಾವಾಗಣ್ಣ? ಗೋದಾಮಿನ್ಯಾಗ ನೆರಳಿನ್ಯಾಗ ಇತ್ತು. ನಾ “ಬರ್ತೈತಿ” ಅಂದಾಗೆಲ್ಲ ಅವರು ತುದಿ ಕೊಯ್ದು ಕೊಯ್ದು ಒಗೀತಿದ್ರು. ಆ ತುಂಡೆಲ್ಲ ಕಸಬರಿಗಿ ತಗೊಂಡು ಗುಡಿಸಿದಾಕಿ ನಾನ.’